ಬ್ಯಾರಲ್ ಮೀಮಾಂಸೆ ಅಥವಾ ಧೂಮಯಂತ್ರ ಸಂಸ್ಕಾರ ವಿಧಿ

ಗೋಕಾಕ ಎಂದರೆ ಕನ್ನಡಿಗರಿಗೆ ಮೊದಲು ಕರದಂಟು, ಆಮೇಲೆ ಜಲಪಾತ, ಮೂರನೆಯದಾಗಿ ವರದಿ ನೆನಪಾಗುತ್ತದೆ. 1981ರ ಆ ವರದಿಗೂ ಈ ಊರಿಗೂ ಇರುವ ನಂಟು ಸಮಿತಿಯ ಅಧ್ಯಕ್ಷರ ಅಡ್ಡಹೆಸರಿನಷ್ಟೇ. ಆದರೂ ಊರಿನ ಹೆಸರಿಗೆ ಹತ್ತಿದ ವಿದ್ವತ್ತಿನ ವಾಸನೆ ಹೋಗಿಲ್ಲ. ಆ ಧೈರ್ಯದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ತ್ರಿಕೂಟದಲ್ಲಿ ಗುಜರಿ ಬ್ಯಾರಲ್ಲಿಗೆ ದೀಕ್ಷೆ ಕೊಟ್ಟು, ತಿನ್ನುವ ಪದಾರ್ಥಕ್ಕೆ ಹೊಗೆ ಹಿಡಿಸುವ ಯಂತ್ರವನ್ನಾಗಿಸುವ ಕ್ರಮವನ್ನು ಇಲ್ಲಿ ನಿರೂಪಿಸಲಾಗುವುದು.

ಮೊದಲು ಕರ್ತೃವಿಚಾರ. ಇನ್ನೂರು ಲೀಟರಿನ ಕಬ್ಬಿಣದ ಬ್ಯಾರಲ್ಲಿನ ಪೇಟೆಂಟು 1905ರಲ್ಲಿ ಅಮೆರಿಕದಲ್ಲಿ ಹೆನ್ರಿ ವೆರ್ಹಾನ್ ಎಂಬವನ ಹೆಸರಿಗೆ ಸಿಕ್ಕಿತು. ಆದರೆ ಅವನು ನೌಕರಿಗಿದ್ದ ಕಾರ್ಖಾನೆ, 72 ದಿನಗಳಲ್ಲಿ ಭೂಮಿಗೆ ಪ್ರದಕ್ಷಿಣೆ ಹಾಕಿ ಬಂದ ಪತ್ರಕರ್ತೆ ನೆಲ್ಲಿ ಬ್ಲೈ ಅವರದು. ಹಾಗಾದರೆ ಕೃತಿ ಯಾರದು, ಆಶ್ರಯದಾತರದೋ ಆಶ್ರಿತನದೋ? ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ತಲೆಮಾರುಗಟ್ಟಲೆ ಕಾದಾಡಿದ ನಮಗೆ ಈ ಸಮಸ್ಯೆ ಹೊಸದಲ್ಲ. ಆದ್ದರಿಂದ ಇದನ್ನು ಬಗೆಹರಿಸದೆಯೇ ಮುಂದುವರಿಯಬಹುದು.

ನಮ್ಮ ಸೀಮೆಯಲ್ಲಿ ಬ್ಯಾರಲ್ಲಿಗೆ ನಾಲ್ಕು ಆಶ್ರಮಗಳು. ಹೊಸ ಬಣ್ಣ ಮೈಮೇಲಿದ್ದು ಎಣ್ಣೆ ತುಂಬಿಕೊಂಡಿರುವುದು ಬ್ರಹ್ಮಚರ್ಯ. ಮನೆಯ ಮುಂದೆ ನಳದ ಕೆಳಗೆ ನಿಂತು ನೀರು ತುಂಬಿಸಿಕೊಳ್ಳುವುದು ಗೃಹಸ್ಥಾಶ್ರಮ. ಹೊಲಕ್ಕೆ ಹೋಗಿ ಕಬ್ಬಿನ ನಡುವೆ ಔಷಧ ಕಲಸುವ ಕೆಲಸಕ್ಕೆ ಬೀಳುವುದು ವಾನಪ್ರಸ್ಥ. ಕೊನೆಗೆ ಮೈತುಂಬ ತುಕ್ಕು ಹಿಡಿದು, ಅಂದರೆ ಕಾವಿಯುಟ್ಟು, ಗುಜರಿ ಅಂಗಡಿ ಸೇರುವುದು ಸಂನ್ಯಾಸ. ಧೂಮದೀಕ್ಷೆಗೆ ಯೋಗ್ಯವಾದದ್ದು ಬ್ರಹ್ಮಚರ್ಯದಿಂದ ನೇರವಾಗಿ ಸಂನ್ಯಾಸಕ್ಕೆ ಬಂದ, ಹೊಲದ ಸಂಗ ಮಾಡದ ಬ್ಯಾರಲ್ ಮಾತ್ರ.

ಸಂನ್ಯಾಸಿಯ ಪೂರ್ವಾಶ್ರಮ ಕೇಳಬಾರದೆಂಬುದು ಲೋಕರೂಢಿ. ಬ್ಯಾರಲ್ಲಿನ ವಿಷಯದಲ್ಲಿ ಅದನ್ನಲ್ಲದೆ ಬೇರೇನನ್ನೂ ಕೇಳಬಾರದು. ಗುಜರಿ ಅಂಗಡಿಯ ಮೌಖಿಕ ಪರಂಪರೆ ಈ ಪ್ರಶ್ನೆಗೆ ಏಕಕಂಠದಿಂದ “ಅಡಿಗಿ ಎಣ್ಣೀದು ಐತ್ರೀ ಸರ” ಎನ್ನುತ್ತದೆ. ಇದನ್ನು ಪ್ರಕ್ಷಿಪ್ತವೆಂದೇ ತಿಳಿದು ಮೂಲಪಾಠವನ್ನು, ಎಂದರೆ ಮೈಮೇಲಿನ ಚೀಟಿಯನ್ನು, ಪರಿಶೀಲಿಸಬೇಕು. ಕೀಟನಾಶಕದ ಚೀಟಿಯಲ್ಲಿ ಬಣ್ಣದ ತ್ರಿಕೋನವೊಂದಿರುತ್ತದೆ. ಅದು ಹಸಿರಾಗಿದ್ದರೆ ವಿಷ ಕಡಿಮೆ ಎಂದರ್ಥವೇ ಹೊರತು ಸಸ್ಯಾಹಾರಿ ಎಂದಲ್ಲ. ಕೆಂಪಿರಲಿ ಹಸಿರಿರಲಿ, ವಿಷ ತುಂಬಿದ್ದ ಬ್ಯಾರಲ್ಲಿಗೆ ಪ್ರಾಯಶ್ಚಿತ್ತವಿಲ್ಲ. ಜಸ್ತಾ ಬಳಿದದ್ದಕ್ಕೂ ಇಲ್ಲ: ಕಾಯಿಸಿದರೆ ಏಳುವ ಜಸ್ತದ ಹೊಗೆ ಕುಡಿದವನಿಗೆ ಚಳಿಜ್ವರ ಬರುತ್ತದೆ.

ಮುಂದೆ ಛೇದನ ಸಂಸ್ಕಾರ. ಖಾಲಿ ಬ್ಯಾರಲ್ ಎಂಬುದೇ ಒಂದು ಮಾಯೆ. ಕಣ್ಣಿಗೆ ಖಾಲಿ ಕಂಡರೂ ಒಳಗೆ ಎಣ್ಣೆಯ ಆವಿ ಕೂತಿರುತ್ತದೆ. ಗ್ರೈಂಡರಿನ ಒಂದು ಕಿಡಿ ಬಿದ್ದರೆ ಬ್ಯಾರಲ್ಲಿಗಿಂತ ಮೊದಲು ಕರ್ತೃವಿಗೇ ಮೋಕ್ಷ. ಅದಕ್ಕೇ ಚೆನ್ನಾಗಿ ತೊಳೆದು, ನೀರು ತುಂಬಿಸಿಯೇ ಕೊರೆಯತಕ್ಕದ್ದು. ಜಲಪಾತದ ನೀರಿನ ಬಲದಿಂದ 1887ರಷ್ಟು ಹಿಂದೆಯೇ ನೂಲಿನ ಗಿರಣಿ ನಡೆಸಿದ ಗೋಕಾಕಕ್ಕೆ ನೀರಿನ ಮಹಿಮೆಯನ್ನು ಬೇರೆ ಹೇಳಬೇಕಿಲ್ಲ. ಬುಡದಲ್ಲಿ ಗಾಳಿಗೆ ಮುಕ್ಕಾಲಿಂಚಿನ ಮೂರು ತೂತು. ಮೇಲಿನ ಎರಡಿಂಚಿನ ಬೂಚಿನ ಬಾಯೇ ಹೊಗೆಗಿಂಡಿ. ದೇವರು, ಅಥವಾ ವೆರ್ಹಾನ್, ಮೊದಲೇ ಕೊಟ್ಟದ್ದು.

ದಹನ ಸಂಸ್ಕಾರದಲ್ಲಿ ಬಯಲಿನಲ್ಲಿ ಕಟ್ಟಿಗೆ ತುಂಬಿ ಉರಿ ಹಚ್ಚಿ, ಒಳಗಿನ ಲೇಪವೂ ಹೊರಗಿನ ಬಣ್ಣವೂ ಬೂದಿಯಾಗುವವರೆಗೆ ಸುಡಬೇಕು, ಗಾಳಿಗೆ ಎದುರಾಗಿ ನಿಲ್ಲಬಾರದು. ಆಮೇಲೆ ತಿಕ್ಕಿ, ಎಣ್ಣೆ ಸವರಿ, ಮತ್ತೆ ಕಾಯಿಸುವುದು. ಯಾವ ಎಣ್ಣೆ? ಗೋಕಾಕ ಪಂಥ ಶೇಂಗಾ ಎನ್ನುತ್ತದೆ. ಗೋಕಾಕದಿಂದ ಬೇರೆಯಾಗಿ ಸ್ವಂತ ತಾಲೂಕಾದ ಮೂಡಲಗಿಯ ಪಂಥ, ಬೇರೆಯಾದ ಮೇಲೆ ಬೇರೆ ಮತವೂ ಬೇಕಲ್ಲವೇ ಎಂದು ಕುಸುಬಿ ಎನ್ನುತ್ತದೆ. ಕಾರಣ ಏನೇ ಇರಲಿ, ಗೆದ್ದದ್ದು ಮೂಡಲಗಿಯೇ: ಕುಸುಬಿ ಎಣ್ಣೆ ಕಾದಂತೆ ಒಣಗಿ, ಗಟ್ಟಿ ಪೊರೆಯಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಶೇಂಗಾ ಎಣ್ಣೆಗೆ ಆ ಗುಣ ಅಷ್ಟಿಲ್ಲ.

ಈಗ ಧೂಮತತ್ತ್ವ. ಹೊಗೆಯಿದ್ದಲ್ಲಿ ಬೆಂಕಿ ಉಂಟೆಂದು ನೈಯಾಯಿಕರು ಸಾಧಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರದು, ಹಸಿ ಕಟ್ಟಿಗೆ ಕೂಡಿದಾಗ ಮಾತ್ರ ಎಂದು ಉಪಾಧಿ ಹಚ್ಚಿದರು. ಅವರು ಕೊಡುವ ದೃಷ್ಟಾಂತ ಅಡಿಗೆಮನೆಯದೇ. ಆದರೆ ಅವರಲ್ಲಿ ಯಾರೂ ಒಲೆಯ ಮುಂದೆ ಕೂತಿರಲಿಕ್ಕಿಲ್ಲ. ಹಸಿ ಕಟ್ಟಿಗೆಯ ದಟ್ಟ ಬಿಳಿ ಹೊಗೆ ತಿನಿಸನ್ನು ಕಹಿ ಮಾಡುತ್ತದೆ. ಬೇಕಾದದ್ದು ಒಣ ಜಾಲಿಯನ್ನೋ ಮಾವನ್ನೋ ಸಾಕಷ್ಟು ಗಾಳಿ ಕೊಟ್ಟು ಸಣ್ಣಗೆ ಉರಿಸಿದಾಗ ಬರುವ ತೆಳು ನೀಲಿ ಹೊಗೆ. ಕಬ್ಬಿನ ರವದಿ ಭುಗ್ಗೆಂದು ಉರಿದು ಮುಗಿಯುವುದರಿಂದ ಪ್ರಮಾಣವಲ್ಲ. ಕಾಳು ಬಿಡಿಸಿದ ಗೋವಿನಜೋಳದ ದಿಂಡು ಉತ್ತಮ. ಅಮೆರಿಕದ ವರ್ಮಾಂಟಿನಲ್ಲಿ ಹಂದಿಮಾಂಸಕ್ಕೆ ಅದರದೇ ಹೊಗೆ ಹಿಡಿಸುತ್ತಾರೆ. ನಮ್ಮ ಸಂಶೋಧನೆ ನಡೆದ ಓಣಿಯಲ್ಲಿ ಆ ಪ್ರಯೋಗಕ್ಕೆ ಅವಕಾಶವಿರಲಿಲ್ಲ.

ಆದ್ದರಿಂದ ಹುಕ್ಕೇರಿ ಪಂಥದ ಸಲಹೆಯಂತೆ ಅದೇ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿಯನ್ನು ಬ್ಯಾರಲ್ಲಿನೊಳಗೆ ಕೂರಿಸಿದ ಜಾಳಿಗೆಯ ಮೇಲೆ ಹರಡಲಾಯಿತು. ಮೆಕ್ಸಿಕೋದವರು ಮೆಣಸಿನಕಾಯಿಗೆ ಹೊಗೆ ಹಿಡಿಸಿ ಚಿಪೋಟ್ಲೆ ಎನ್ನುತ್ತಾರೆ. ಸ್ಪೇನಿನ ಲಾ ವೇರಾದಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲೇ ಒಣಗಿಸುತ್ತಾರೆ. ಕೆಂಡ ಕಡಿಮೆಯಿದ್ದು ಕಾಯಿ ಸುಡದೆ ಹೊಗೆ ಮಾತ್ರ ಹಿಡಿದರೆ ಘಾಟು ಏಳುವುದಿಲ್ಲ. ಪ್ರಯೋಗ ಫಲಿಸಿದ್ದಕ್ಕೆ ಅದೇ ಲಕ್ಷಣ. ಘಾಟು ಏಳಲೂ ಇಲ್ಲ. ಆದರೆ ದೃಷ್ಟಿ ತೆಗೆಯುವ ಶಾಸ್ತ್ರದಲ್ಲಿ, ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದೇ ಸಿದ್ಧಾಂತ. ಗೋಡೆಯಾಚೆಯಿಂದ ನೋಡುತ್ತಿದ್ದ ಆಯಿ ತೀರ್ಪಿತ್ತಳು: “ಏ ತಮ್ಮಾ, ಬ್ಯಾರಲ್ ತುಂಬ ಮೆಣಸಿನಕಾಯಿ ಇಟ್ರೂ ಘಾಟ ಬರವಲ್ದಂದ್ರ, ನಿನಗ ಎಂಥಾ ದೃಷ್ಟಿ ಬಿದ್ದೈತೋ!”

ಈ ಅನುಮಾನವನ್ನು ಖಂಡಿಸುವ ಹೇತು ಮೂರೂ ಪಂಥಗಳಲ್ಲಿ ಸಿಕ್ಕಿಲ್ಲ. ಸದ್ಯಕ್ಕೆ ಬ್ಯಾರಲ್ಲಿನ ಕುತ್ತಿಗೆಗೆ ಒಂದು ಲಿಂಬೆಹಣ್ಣು, ಕೆಲವು ಮೆಣಸಿನಕಾಯಿ ಪೋಣಿಸಿ ಕಟ್ಟಲಾಗಿದೆ. ಕಟ್ಟುವ ಮೆಣಸಿನಕಾಯಿ ಹಸಿಯದಾಗಿರಬೇಕೋ ಹೊಗೆ ಹಿಡಿದದ್ದೋ ಎಂಬ ಬಗ್ಗೆ ಹುಕ್ಕೇರಿ ಪಂಥ ತಿದ್ದುಪಡಿ ಮಂಡಿಸಿದ್ದು, ಮೂಡಲಗಿ ಅದನ್ನು ವಿರೋಧಿಸಿದೆ.