ಹೊಸ್ತಿಲ ರೋಗಿ

ಯಲಹಂಕದಿಂದ ಯಶವಂತಪುರದವರೆಗೆ, ಒಂದು ಪಕ್ಕಕ್ಕೆ ಬೇಕರಿಯನ್ನೂ ಇನ್ನೊಂದು ಪಕ್ಕಕ್ಕೆ ಮೆಡಿಕಲ್ ಶಾಪನ್ನೂ ಇಟ್ಟುಕೊಂಡು ಸಂಜೆ ಹೊತ್ತು ಬಾಗಿಲು ತೆರೆಯುವ ಸಣ್ಣ ಕ್ಲಿನಿಕ್ಕುಗಳಿಗೆ ಬರುವ ರೋಗಿಗಳನ್ನು ವೈದ್ಯಶಾಸ್ತ್ರವು ಅವರವರ ಕಾಯಿಲೆಯ ಪ್ರಕಾರ ವಿಂಗಡಿಸುತ್ತದೆ. ಆದರೆ ಆ ಕ್ಲಿನಿಕ್ಕುಗಳ ಅನುಭವವು ಇನ್ನೂ ಮುಖ್ಯವಾದ ಒಂದು ವಿಂಗಡಣೆಯನ್ನು ಕಲಿಸುತ್ತದೆ. ಅದರ ಪ್ರಕಾರ ರೋಗಿಗಳಲ್ಲಿ ಎರಡೇ ಜಾತಿ: ಸ್ಟೂಲಿನ ಮೇಲೆ ಕೂತಾಗ ವಿಷಯ ಹೇಳುವವರು, ಎದ್ದು ಬಾಗಿಲಿಗೆ ಹೋದ ಮೇಲೆ ಹೇಳುವವರು. ಈ ಎರಡನೆಯವನನ್ನು ಹೊಸ್ತಿಲ ರೋಗಿ ಎನ್ನಬಹುದು. ಹಿರಣ್ಯಕಶಿಪುವಿನ ಪ್ರಾಣದಂತೆ ಈತನ ಕಾಯಿಲೆಯ ಗುಟ್ಟು ಕೂಡ ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಲ್ಲೇ ಹೊರಬೀಳುತ್ತದೆ. ಹೊತ್ತು ಕೂಡ ಸಾಮಾನ್ಯವಾಗಿ ಮುಸ್ಸಂಜೆಯೇ ಆಗಿರುತ್ತದೆ.

ಈತನ ಮಹಿಮೆ ಅರ್ಥವಾಗಬೇಕಾದರೆ ಪ್ರಾಥಮಿಕ ಚಿಕಿತ್ಸೆಯ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ತನಗೇನಾಗಿದೆಯೆಂದು ಇನ್ನೂ ಗೊತ್ತಿಲ್ಲದ ಮನುಷ್ಯ ಮೊಟ್ಟಮೊದಲು ಹೋಗಿ ತಟ್ಟುವ ಬಾಗಿಲು ಪ್ರಾಥಮಿಕ ಚಿಕಿತ್ಸೆಯದು. 1946ರಲ್ಲಿ ಭೋರ್ ಸಮಿತಿಯ ವರದಿಯು ಹಳ್ಳಿಗಳಿಗೆ ಶಿಫಾರಸು ಮಾಡಿದ ಪ್ರಾಥಮಿಕ ಆರೋಗ್ಯ ಕೇಂದ್ರವೂ, 2022ರ ಕೊನೆಯಲ್ಲಿ ಕರ್ನಾಟಕದ ನಗರಗಳಲ್ಲಿ ಶುರುವಾಗಿ, ಹಣ ತೆಗೆದುಕೊಳ್ಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಹೊಸ್ತಿಲ ರೋಗಿಯ ನಂಬಿಕೆಯನ್ನು ಇನ್ನೂ ಗಳಿಸದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್ಕೂ ಇದೇ ವಂಶದವು. ಇಲ್ಲಿ ಸ್ಕ್ಯಾನಿಂಗ್ ಯಂತ್ರಗಳಿರುವುದಿಲ್ಲವಾದ್ದರಿಂದ ವೈದ್ಯರ ಮುಖ್ಯ ಉಪಕರಣವೆಂದರೆ ರೋಗವೃತ್ತಾಂತ, ಅಂದರೆ ಏನಾಗುತ್ತಿದೆ, ಎಂದಿನಿಂದ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ ಎಂಬುದರ ಬಗ್ಗೆ ರೋಗಿಯ ಬಾಯಿಂದಲೇ ಬರುವ ವಿವರ. ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿತವರು ಎಮ್ಮೆಯ ಕಿವಿ ಮುಟ್ಟಿ, ಮೂತಿ ನೋಡಿ, ಸಗಣಿ ಪರೀಕ್ಷಿಸಿ ಅದರ ಸಂಕಟವನ್ನು ಪತ್ತೆ ಹಚ್ಚುತ್ತಾರೆ. ಅದೇ ಹೆಬ್ಬಾಳದಲ್ಲಿ ಮನುಷ್ಯರಿಗೆ ಔಷಧಿ ಕೊಡುವ ವೈದ್ಯರಿಗೆ ಆ ಅನುಕೂಲವಿಲ್ಲ, ಏಕೆಂದರೆ ಅವರ ರೋಗಿಗೆ ಮಾತು ಬರುತ್ತದೆ.

ಮಾತಿಗೆ ಇರುವ ಅವಕಾಶವಾದರೂ ಎಷ್ಟು? 67 ದೇಶಗಳ ಅಧ್ಯಯನಗಳನ್ನು ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22 ನಿಮಿಷ ಮೀರಿದರೆ, ಭಾರತದಲ್ಲಿ 2 ನಿಮಿಷದ ಆಸುಪಾಸಿನಲ್ಲಿದೆ. ಸ್ವೀಡನ್ನಿನವನು ಹಿಮದ ವಿಚಾರ ಮಾತಾಡಿದ ಮೇಲೂ ಅವನಿಗೆ ಕಾಯಿಲೆ ಹೇಳಿಕೊಳ್ಳಲು ಹೊತ್ತು ಉಳಿಯುತ್ತದೆ, ಆರ್.ಟಿ. ನಗರದವನಿಗೆ ಚಪ್ಪಲಿ ಕಳಚಿ, ಕೊಡೆ ಮೂಲೆಗಿಟ್ಟು, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಳ್ಳುವುದರೊಳಗೆ ಕಾಲುಭಾಗ ಕಳೆದಿರುತ್ತದೆ. ಉಳಿದದ್ದನ್ನು ಹೊಸ್ತಿಲ ರೋಗಿ ಹೇಗೆ ಖರ್ಚು ಮಾಡುತ್ತಾನೆಂಬುದು ನೋಡತಕ್ಕ ಸಂಗತಿ. "ಏನ್ ಯಜಮಾನ್ರೇ, ಎಷ್ಟು ದಿನದಿಂದ?" ಎಂಬ ಪ್ರಶ್ನೆಗೆ ಒಂದು ಸಂಖ್ಯೆ ಸಾಕಾಗಿದ್ದರೂ, ಈತ ತುಮಕೂರಿನಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ ನಡೆದದ್ದನ್ನೂ, ಅಲ್ಲಿ ಎರಡನೇ ಪಂಕ್ತಿಗೆ ಸಾರು ತಣ್ಣಗಿದ್ದದ್ದನ್ನೂ, ವಾಪಸು ಬರುವಾಗ ಗೊರಗುಂಟೆಪಾಳ್ಯದಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತದ್ದನ್ನೂ ಕ್ರಮವಾಗಿ ನಿರೂಪಿಸಿ, ಕೊನೆಗೆ ರೋಗನಿರ್ಣಯವನ್ನೂ ತಾನೇ ಮುಗಿಸಿಕೊಡುತ್ತಾನೆ: "ಗ್ಯಾಸ್ಟ್ರಿಕ್ಕೇ ಡಾಕ್ಟ್ರೇ, ಬೇರೇನಿಲ್ಲ." ಜಠರಕ್ಕೆ ಸಂಬಂಧಿಸಿದ್ದು ಎಂಬಷ್ಟೇ ಅರ್ಥದ ಈ ವಿಶೇಷಣವು ಬೆಂಗಳೂರಿಗೆ ಬಂದು ನಾಮಪದವಾಗಿದೆ, ಗಂಟಲಿನಿಂದ ಮಂಡಿಯವರೆಗೆ ಎಲ್ಲಿ ಹಿಡಿದುಕೊಂಡರೂ ಅದು ಒದಗಿಬರುತ್ತದೆ.

ಈತ ದಾಖಲೆಗಳಿಲ್ಲದೆ ಬರುವವನಲ್ಲ. ರೇಷ್ಮೆ ಸೀರೆ ಅಂಗಡಿಯ ಕವರಿನಲ್ಲಿ ಹನ್ನೆರಡು ವರ್ಷದ ಹಿಂದಿನ ಎಕ್ಸ್-ರೇ, ಲ್ಯಾಮಿನೇಷನ್ ಮಾಡಿಸಿದ ರಕ್ತಪರೀಕ್ಷೆಯ ವರದಿ, ಮಗನ ಕಾಲೇಜು ಶುಲ್ಕದ ರಸೀದಿ ಎಲ್ಲವೂ ಇರುತ್ತವೆ. ಹೋದ ತಿಂಗಳು ಇನ್ನೊಬ್ಬ ವೈದ್ಯರು ಬರೆದುಕೊಟ್ಟ ಚೀಟಿ ಮಾತ್ರ ಮನೆಯಲ್ಲಿ ಫ್ರಿಜ್ಜಿನ ಮೇಲಿರುತ್ತದೆ. ಈಗ ಯಾವ ಮಾತ್ರೆ ನಡೆಯುತ್ತಿದೆಯೆಂದು ಕೇಳಿದರೆ "ಬೆಳಿಗ್ಗೆ ಒಂದು ಸಣ್ಣ ಬಿಳೀದು, ರಾತ್ರಿ ಒಂದು ಗುಲಾಬಿ" ಎಂಬ ಉತ್ತರ ಬರುತ್ತದೆ. ಬಿಳಿ ಸಣ್ಣ ಮಾತ್ರೆಗಳು ರಕ್ತದೊತ್ತಡಕ್ಕೂ ಇವೆ, ಥೈರಾಯಿಡಿಗೂ ಇವೆ, ಸಕ್ಕರೆಗೂ ಇವೆ. ಹೆಸರು ಅಚ್ಚಾಗಿರುವ ಖಾಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದರೆ ಮುಗಿಯುವ ಕೆಲಸವಿದು. ಆದರೆ ಪಟ್ಟಿಯನ್ನು ಕತ್ತರಿಯಿಂದ ಎರಡೆರಡು ಮಾತ್ರೆಯಾಗಿ ಕತ್ತರಿಸಿ, ಹೆಸರಿರುವ ತುಂಡನ್ನು ಮೊದಲು ಮುಗಿಸುವುದು ಈ ವರ್ಗದ ಕುಲಾಚಾರ.

ರಕ್ತದೊತ್ತಡ ಅಳೆಯುವ ಸಂದರ್ಭದಲ್ಲಿ ಈತನ ಪ್ರತಿಭೆ ಪೂರ್ಣವಾಗಿ ಅರಳುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟು ಬಿಟ್ಟು, ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಿಯಮ. ಈತ ಬೈಟು ಕಾಫಿ ಮುಗಿಸಿ ಮೆಟ್ಟಿಲು ಹತ್ತಿಕೊಂಡು ಬಂದಿರುತ್ತಾನೆ. ತೋಳಪಟ್ಟಿಯಲ್ಲಿ ಗಾಳಿ ಇಳಿಯುವಾಗ ರಕ್ತನಾಳದಿಂದ ಕೇಳುವ ಸದ್ದುಗಳನ್ನು 1905ರಲ್ಲಿ ಗುರುತಿಸಿ ವಿವರಿಸಿದವರು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾವ್. ಆ ಸದ್ದು ಕೇಳಲೆಂದು ವೈದ್ಯರು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಗಿನ ಲೋಕಕ್ಕೆ ಕಿವುಡಾದ ಆ ಅರ್ಧ ನಿಮಿಷದಲ್ಲೇ ಹೊಸ್ತಿಲ ರೋಗಿಯು ಅಂದಿನ ಭೇಟಿಯ ಅತ್ಯಂತ ಉಪಯುಕ್ತವಾದ ಮೂರು ವಾಕ್ಯಗಳನ್ನು ಹೇಳಿಬಿಡುತ್ತಾನೆ. ಮಾತಾಡಿದ್ದರಿಂದ ಒತ್ತಡದ ಅಂಕಿ ಏರುತ್ತದೆ, ಕೇಳಿಸದ್ದರಿಂದ ವಾಕ್ಯಗಳು ಹಾಳಾಗುತ್ತವೆ, ತಾನು ಆಗಲೇ ಹೇಳಿಯಾಯಿತೆಂಬ ತೃಪ್ತಿ ಮಾತ್ರ ಈತನಿಗೆ ಉಳಿಯುತ್ತದೆ.

ಸಕ್ಕರೆ ಪರೀಕ್ಷೆಯನ್ನು ಈತ ಎಸ್ಸೆಸ್ಸೆಲ್ಸಿಯಂತೆ ಭಾವಿಸಿ ಹಿಂದಿನ ಮೂರು ದಿನ ಓದಿಕೊಳ್ಳುತ್ತಾನೆ, ಅಂದರೆ ಮುದ್ದೆ, ಸೊಪ್ಪು, ಬೆಳಗಿನ ನಡಿಗೆ. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ನೀರಲ್ಲದೆ ಬೇರೇನನ್ನೂ ತೆಗೆದುಕೊಳ್ಳಬಾರದಾದರೂ, ಏಕಾದಶಿಯ ಉಪವಾಸಕ್ಕೆ ಅವಲಕ್ಕಿ ನಡೆಯುವಂತೆ ಇದಕ್ಕೆ ಕಾಫಿ ನಡೆಯುತ್ತದೆಂಬುದು ಈತನ ವ್ಯಾಖ್ಯಾನ. ಆದರೆ ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳಲ್ಲಿನ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆಯೆಂದು ನೋಡಿ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಚಿತ್ರಗುಪ್ತನ ಈ ಕಡತದಲ್ಲಿ ನಿಶ್ಚಿತಾರ್ಥದ ಜಹಾಂಗೀರು ನಮೂದಾಗಿರುತ್ತದೆ. "ಲ್ಯಾಬೇ ಸರಿಯಿಲ್ಲ ಡಾಕ್ಟ್ರೇ" ಎಂದು ಈತ ಲ್ಯಾಬು ಬದಲಿಸುತ್ತಾನೆ.

ಚಿಕಿತ್ಸೆಯ ವಿಷಯದಲ್ಲಿ ಈತನಿಗೆ ಸ್ಪಷ್ಟವಾದ ಬೇಡಿಕೆಗಳಿವೆ. ಚುಚ್ಚದ ವೈದ್ಯರಿಗೆ ಕೈಗುಣವಿಲ್ಲವೆಂದೂ, ಸುಸ್ತಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸಿದರೆ ಪವರ್ ಬರುತ್ತದೆಂದೂ ಈತ ನಂಬುತ್ತಾನೆ. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯ ಸಮ. ಪಕ್ಕದ ಬೇಕರಿಯ ದೊಡ್ಡದೊಂದು ತುಂಡು ಮೈಸೂರು ಪಾಕ್ ಇದಕ್ಕಿಂತ ಹೆಚ್ಚು ಪವರಿನದು, ಅದನ್ನು ತಿನ್ನಲು ಮಂಚದ ಮೇಲೆ ಎರಡು ಗಂಟೆ ಮಲಗಬೇಕಾಗಿಯೂ ಇಲ್ಲ. ನೆಗಡಿಗೆ ಆ್ಯಂಟಿಬಯೋಟಿಕ್ ಬರೆಯದಿದ್ದರೆ ಈತ ನೇರವಾಗಿ ಮೆಡಿಕಲ್ ಶಾಪಿನ ಕೌಂಟರಿಗೆ ಒರಗುತ್ತಾನೆ. ನೆಗಡಿಯ ವೈರಸ್ಸಿನ ಮೇಲೆ ಆ ಔಷಧಿ ನಡೆಯುವುದಿಲ್ಲವೆಂಬುದಾಗಲಿ, ಹಲವು ಪ್ರಬಲ ಆ್ಯಂಟಿಬಯೋಟಿಕ್ಕುಗಳನ್ನು 2014ರಿಂದ ಎಚ್1 ಎಂಬ ಪ್ರತ್ಯೇಕ ಪಟ್ಟಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು ಕಾನೂನು ವಿಧಿಸಿರುವುದಾಗಲಿ ಈತನನ್ನು ತಡೆಯುವುದಿಲ್ಲ. ಎರಡು ದಿನ ನುಂಗಿ, ಉಳಿದದ್ದನ್ನು ಪಕ್ಕದ ಮನೆಯವರ ಜ್ವರಕ್ಕೆಂದು ಉದಾರವಾಗಿ ಎತ್ತಿಡುತ್ತಾನೆ.

ಇಷ್ಟೆಲ್ಲ ಮುಗಿದು, ಚೀಟಿ ಬರೆದಾಗಿ, ಮುಂದಿನ ಟೋಕನ್ನಿನವರು ಸ್ಟೂಲಿಗೆ ಕೈಹಾಕಿರುವಾಗ, ಒಂದು ಕಾಲಿನ ಚಪ್ಪಲಿ ಮೆಟ್ಟಿಕೊಂಡ ಈತ ಬಾಗಿಲ ಚೌಕಟ್ಟು ಹಿಡಿದು ತಿರುಗಿ ನೋಡುತ್ತಾನೆ. "ಅಂದಹಾಗೆ ಡಾಕ್ಟ್ರೇ, ಈಗೊಂದು ವಾರದಿಂದ ಜೋರಾಗಿ ನಡೆದ್ರೆ ಎದೆ ಹಿಡಿದ ಹಾಗಾಗುತ್ತೆ, ನಿಂತ್ರೆ ಬಿಡುತ್ತೆ. ಅದೂ ಗ್ಯಾಸ್ಟ್ರಿಕ್ಕೇ ಅಲ್ವಾ?" ಶ್ರಮಪಟ್ಟಾಗ ಬಿಗಿದು ವಿಶ್ರಾಂತಿಯಲ್ಲಿ ಸಡಿಲುವ ಇಂಥ ನೋವನ್ನು ವೈದ್ಯರು ಆಂಜೈನಾ ಎನ್ನುತ್ತಾರೆ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರುವುದರ ಸೂಚನೆ ಅದು, ಅಂದೇ ಇಸಿಜಿ ತೆಗೆಯಬೇಕಾದ ಸಂಗತಿ. ಕೆಲವೊಮ್ಮೆ ಈ ಅಂದಹಾಗೆಯ ಹಿಂದೆ ಎರಡು ವಾರ ದಾಟಿದ ಕೆಮ್ಮಿರುತ್ತದೆ. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿ ಕ್ಷಯವಿದೆಯೇ ಎಂದು ನೋಡುತ್ತಾರೆ. ಮುಚ್ಚಿಡಬೇಕೆಂಬ ದುರುದ್ದೇಶ ಈತನಿಗೆ ಇಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ಟೂಲಿನ ಮೇಲೆ ಹೇಳಿದರೆ ಅದು ಕಾಯಿಲೆಯಾಗಿಬಿಡುತ್ತದೆ, ಬಾಗಿಲಲ್ಲಿ ಹೇಳಿದರೆ ಬರೀ ಮಾತಾಗಿಯೇ ಉಳಿದೀತೆಂಬ ಆಸೆ ಈತನದು.

ನುರಿತ ವೈದ್ಯರು ಇದಕ್ಕೊಂದು ಮದ್ದು ಕಂಡುಕೊಂಡಿದ್ದಾರೆ. ಹೊಸ್ತಿಲ ರೋಗಿ ಬಂದು ಕೂತ ಕೂಡಲೇ ಪೆನ್ನಿನ ಮುಚ್ಚಳ ಹಾಕಿ, "ಆಯ್ತು ಯಜಮಾನ್ರೇ, ಹೋಗ್ಬನ್ನಿ" ಎಂದುಬಿಡುತ್ತಾರೆ. ಅಭ್ಯಾಸಬಲದಿಂದ ಎದ್ದು ಬಾಗಿಲಿಗೆ ಹೋದ ಈತ ಅಂದಹಾಗೆ ಎಂದು ಎಲ್ಲವನ್ನೂ ಒಪ್ಪಿಸುತ್ತಾನೆ. ಆಮೇಲೆ ವಾಪಸು ಕೂರಿಸಿಕೊಂಡು ಚಿಕಿತ್ಸೆ ಶುರುಮಾಡಬಹುದು.

ಈ ಉಪಾಯ ನಡೆಯದಿರುವುದು ಜೊತೆಗೆ ಬಂದಿರುವ ಈತನ ಹೆಂಡತಿಯ ಮುಂದೆ. ಬಿಳಿ ಮಾತ್ರೆಯ ಹೆಸರೂ, ಜಹಾಂಗೀರಿನ ಲೆಕ್ಕವೂ, "ಇವ್ರು ರಾತ್ರಿ ಎರಡು ಸಲ ಎದ್ದು ಕೂತ್ಕೋತಾರೆ" ಎಂಬ ಸಾಕ್ಷ್ಯವೂ ಆಕೆಯಿಂದಲೇ ಸಿಕ್ಕಿರುತ್ತವೆ. ಗಂಡ ಇಸಿಜಿಗೆಂದು ಒಳಕೋಣೆಯಲ್ಲಿ ಅಂಗಿ ಬಿಚ್ಚುತ್ತಿರುವಾಗ ಕವರು ಹಿಡಿದು ಬಾಗಿಲಲ್ಲಿ ನಿಂತ ಆಕೆಯನ್ನು ವೈದ್ಯರು "ನಿಮಗೇನಮ್ಮಾ?" ಎಂದು ಕೇಳಿದರೆ, "ನಂದೇನಿಲ್ಲ ಬಿಡಿ ಡಾಕ್ಟ್ರೇ" ಎಂದು ಆಕೆ ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಆಕೆಯ ಹೆಸರಿನಲ್ಲಿ ಟೋಕನ್ ತೆಗೆದಿರುವುದಿಲ್ಲ.