ಓಡಿಹೋಗುವ ಪೈಪು

ಕಂಪ್ಯೂಟರಿನೊಳಗೆ ಗುರುತ್ವಾಕರ್ಷಣೆ ಇಲ್ಲ. ಇದರ ನೋವು ಪಂಪ್‌ಹೌಸಿನ ಮಾಡೆಲ್ ಮಾಡುವವನಿಗೇ ಗೊತ್ತು. ಪಂಪು, ಸ್ಯಾಂಡ್ ಫಿಲ್ಟರು, ನಡುವೆ ಓಡುವ ಪೈಪು, ಎಲ್ಲವನ್ನೂ ಚಂದಾಗಿ ಜೋಡಿಸಿ ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಮೌಸು ಮುಟ್ಟಿರುತ್ತಾರೆ. ಪಂಪು ಇದ್ದಲ್ಲೇ ಇರುತ್ತದೆ. ಮೂರಿಂಚಿನ ಡೆಲಿವರಿ ಪೈಪು ಮಾತ್ರ ಗೋಡೆ ತೂರಿಕೊಂಡು ಬಬಲೇಶ್ವರದ ದಾರಿ ಹಿಡಿದಿರುತ್ತದೆ.

ಪೈಪನ್ನು ಬೈದು ಉಪಯೋಗವಿಲ್ಲ. ಅಸೆಂಬ್ಲಿಗೆ ತಂದಿಟ್ಟ ಪ್ರತಿ ಬಿಡಿಭಾಗಕ್ಕೂ ಆರು ಸ್ವಾತಂತ್ರ್ಯಗಳಿವೆ: ಮೂರು ದಿಕ್ಕಿಗೆ ಸರಿಯಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಭಾರತದ ಪ್ರಜೆಗೂ ಮೂಲಭೂತ ಹಕ್ಕು ಆರೇ. ಪೈಪಿನ ನಡುಗೆರೆಯನ್ನು ಪಂಪಿನ ಬಾಯಿಯ ನಡುಗೆರೆಗೆ ಕೂಡಿಸಿದರೆ ನಾಲ್ಕು ಹಕ್ಕು ಹೋದವು. ಫ್ಲ್ಯಾಂಜಿನ ಮುಖಕ್ಕೆ ಮುಖ ಹಚ್ಚಿದರೆ ಐದನೆಯದೂ ಹೋಯಿತು. ಆರನೆಯದು, ತನ್ನ ಸುತ್ತ ತಾನೇ ತಿರುಗುವುದು, ಬೋಲ್ಟಿನ ತೂತಿಗೆ ತೂತು ಕೂಡಿಸುವ ತನಕ ಉಳಿಯುತ್ತದೆ. ನೆಟ್ಟಗಿನ ಪೈಪು ತಿರುಗಿದರೆ ಯಾರಿಗೂ ಕಾಣದು. ತುದಿಗೊಂದು ಎಲ್ಬೋ ಇತ್ತೋ, ದ್ರಾಕ್ಷಿ ತೋಟಕ್ಕೆ ಹೋಗಬೇಕಾದ ನೀರು ಆಕಾಶಕ್ಕೆ!

ತಂತ್ರಾಂಶ ಬರೆದವರು ಇದಕ್ಕೆ ಮದ್ದನ್ನೂ ಇಟ್ಟಿದ್ದಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲು ತಂದಿಟ್ಟ ಭಾಗ ತಾನಾಗಿಯೇ ಫಿಕ್ಸ್ ಆಗಿ, ಹೆಸರಿನ ಹಿಂದೊಂದು ‘ಎಫ್’ ಅಂಟಿಸಿಕೊಳ್ಳುತ್ತದೆ. ಇನ್ವೆಂಟರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಗ್ರೌಂಡ್ ಮಾಡಿದರೆ ಸಣ್ಣದೊಂದು ಗುಂಡುಪಿನ್ನು ಮೂಡುತ್ತದೆ. ಇದು ತಿಳಿದ ದಿನದಿಂದ ಹೊಸ ಹುಡುಗರು ಕಂಡಕಂಡದ್ದಕ್ಕೆಲ್ಲ ಪಿನ್ನು ಚುಚ್ಚುತ್ತಾರೆ. ಆಮೇಲೆ ಗಿರಾಕಿ ಬಂದು ಪಂಪು ಅರ್ಧ ಅಡಿ ಈ ಕಡೆ ಬರಲಿ ಅನ್ನುತ್ತಾನೆ. ಪಂಪು ಬರುತ್ತದೆ, ಪೈಪು ಬರುವುದಿಲ್ಲ. ಮದುವೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಇದ್ದಲ್ಲೇ ಕೂತುಬಿಡುತ್ತದೆ.

ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾನಿಗೆ ನನ್ನ ಈ ಗೋಳು ಕೇಳಿ ನಗು. “ಫ್ಯಾನಿನ ಬುಡಕ ಕುಂತು ಪೈಪಿಗೆ ಇಷ್ಟು ಹೈರಾಣ ಆಗೀದೇನೋ ತಮ್ಮಾ? ನಮ್ಮ ತ್ವಾಟಕ್ಕ ಬಾ.” ಹೋದರೆ ಅಲ್ಲಿ ಪಿವಿಸಿ ಪೈಪು ನೆಲದೊಳಗೆ ಹೂತಿದೆ, ಅಲುಗುವುದಿಲ್ಲ. ಡ್ರಿಪ್ಪಿನ ಕರೀ ಪೈಪು ಮಾತ್ರ ಬಳ್ಳಿಯ ಕೆಳಗಿನ ತಂತಿಗೆ ಸಡಿಲಾಗಿ ಜೋತುಬಿದ್ದಿದೆ. ಪಾಲಿಥೀನು ಬಿಸಿಲಿಗೆ ಬಹಳ ಹಿಗ್ಗುವ ಜಾತಿ. 100 ಮೀಟರಿನ ಸಾಲು 30 ಡಿಗ್ರಿ ಕಾದರೆ ಸುಮಾರು ಅರ್ಧ ಮೀಟರು ಬೆಳೆಯುತ್ತದೆ. “ಮಧ್ಯಾಹ್ನ ಬಿಗದ ಕಟ್ಟಿದಿ ಅಂದ್ರ ರಾತ್ರಿ ತಂಪಿಗೆ ಕಿತಗೊಂಡು ಬರತೈತಿ ನೋಡಪಾ. ಒಂದ ಕಡೆ ಗಟ್ಟಿ ಹಿಡಿ, ಉಳದದ್ದು ಆಡ್ಲಿ ಬಿಡು.” ನಾನು ರೊಕ್ಕ ಕೊಟ್ಟು ಕಲಿತ ಕೋರ್ಸಿನಲ್ಲಿ ಈ ಪಾಠ ಇರಲಿಲ್ಲ.

ವಿಜಯಪುರದವರಿಗೆ ಇದು ಹೊಸದೂ ಅಲ್ಲ. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಊರಿಗೆ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ. ನೆಲದಾಳದಲ್ಲಿ ಹೂತು, ಸುತ್ತ ಕಲ್ಲುಗಾರೆ ಕಟ್ಟಿದ್ದರು. ಫಿಕ್ಸ್ ಅಂದರೆ ಅದು! ಆದರೆ ಒಳಗಿನ ನೀರು ಒದ್ದಾಡಿ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಗಂಜ್ ಎಂಬ ಎತ್ತರದ ಗೋಪುರಗಳನ್ನು ಎಬ್ಬಿಸಿದರು. ಒತ್ತಡ ಅಲ್ಲಿ ಇಳಿಯಿತು, ಕಸವೂ ತಳಕ್ಕೆ ಕೂತಿತು. ಇವತ್ತಿನ ಏತ ನೀರಾವರಿಯ ಎಂಜಿನಿಯರುಗಳೂ ಪೈಪು ತಿರುಗುವಲ್ಲಿ ಕಾಂಕ್ರೀಟಿನ ದಿಮ್ಮಿ ಕಟ್ಟಿ ಹಿಡಿದು, ನೆಲದ ಮೇಲಿನ ನೆಟ್ಟಗಿನ ಓಟದಲ್ಲಿ ಹಿಗ್ಗಲು ಜಾಗ ಬಿಡುತ್ತಾರೆ.

ಈಗ ನಾನು ಪಂಪಿನ ತಳವೊಂದನ್ನೇ ಫಿಕ್ಸ್ ಮಾಡುತ್ತೇನೆ. ಪೈಪುಗಳನ್ನೆಲ್ಲ ಒಂದು ಸಬ್‌ಅಸೆಂಬ್ಲಿಯಲ್ಲಿ ಕೂಡಿಹಾಕಿ, ತುದಿಗಳನ್ನು ಫ್ಲ್ಯಾಂಜಿಗೆ ಒಪ್ಪಿಸುತ್ತೇನೆ. ಪಂಪು ಸರಿದರೆ ಪೈಪು ಹಿಂದೆ ಬರುತ್ತದೆ. ಕಷ್ಟವೇನಿದ್ದರೂ ಬೇರೆಯವರು ಕಳಿಸುವ ಫೈಲುಗಳದು. ಆದ್ದರಿಂದ, ಫೈಲು ಕಳಿಸುವ ಮಹನೀಯರೇ, ಪಂಪಿನ ತಳವನ್ನಾದರೂ ಫಿಕ್ಸ್ ಮಾಡಿ ಕಳಿಸಿರಿ. ಪೈಪು ನಾನು ಹಿಡಿದುಕೊಳ್ಳುತ್ತೇನೆ.