ಐರಿಷ್ ಗೋತ್ರೋದ್ಭವಸ್ಯ

ಮಗಳ ಮನೆ ಶಿಕಾಗೊ ಪೇಟೆಯಿಂದ ಒಂದು ಗಂಟೆಯ ದಾರಿ. ಫೆಬ್ರವರಿ ಕೊನೆಗೆ ಹೋಗಿ ಇಳಿದ ನನಗೆ ಮೊದಲ ಹದಿನೈದು ದಿನ ಕಿಟಕಿಯೇ ಲೋಕ. ಹೊರಗೆ ಹಿಮ, ಒಳಗೆ ಹೀಟರು, ನಡುವೆ ನಾನು. ಮಗಳು ಅಳಿಯ ಇಬ್ಬರೂ ತಂತಮ್ಮ ಕೋಣೆಯಲ್ಲಿ ಲ್ಯಾಪ್‌ಟಾಪಿನೊಂದಿಗೆ ಜಗಳವಾಡುತ್ತಿದ್ದರು; ಮೊಮ್ಮಗಳು ಸ್ಕೂಲಿನಿಂದ ಬಂದವಳೇ ಹೆಡ್‌ಫೋನಿನೊಳಗೆ ಹೊಕ್ಕುಬಿಡುತ್ತಿದ್ದಳು. ಹಾಗಾಗಿ ಮಾರ್ಚ್ ಎರಡನೆಯ ವಾರ, ಎದುರುಮನೆಯ ಯಜಮಾನ ಅಂಗಳದ ಕೊನೆಯ ಹಿಮ ಕೆರೆಯಲು ಸಲಿಕೆ ಹಿಡಿದು ಹೊರಬಂದಾಗ ನಾನು ಕೋಟು ಸಿಕ್ಕಿಸಿಕೊಂಡು ಓಡಿದ್ದು ಸ್ನೇಹದಿಂದಲ್ಲ, ಹಸಿವಿನಿಂದ. ಮಾತಿನ ಹಸಿವು.

"ಯಾವ ಕಡೆಯವರು?" ಅಂದ. ಇಂಡಿಯಾ ಅಂದೆ. ಮರ್ಯಾದೆಗೆಂದು ನಾನೂ ಅದನ್ನೇ ತಿರುಗಿ ಕೇಳಿದೆ.

"ನಾನು ಐರಿಷ್. ಅಂದರೆ ಅರ್ಧ. ಕಾಲು ಭಾಗ ಜರ್ಮನ್. ಉಳಿದದ್ದು ನಾರ್ವೆ, ಮತ್ತೆ ಅಮ್ಮನ ಕಡೆಯಿಂದ ಚೂರು ಪೋಲಿಷ್."

ಸಾರಿನ ಪುಡಿಗೆ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ನಮ್ಮತ್ತೆ ಹೇಳುತ್ತಿದ್ದ ಹಾಗಿತ್ತು. ನಾನು ಅತ್ಯಂತ ಸಹಜವಾಗಿ, "ಐರ್ಲೆಂಡಿನಿಂದ ಯಾವಾಗ ಬಂದಿರಿ?" ಎಂದು ಕೇಳಿದೆ.

"1849ರಲ್ಲಿ," ಅಂದ, ಹೋದ ದೀಪಾವಳಿಗೆ ಬಂದೆವು ಎನ್ನುವಷ್ಟು ಸಲೀಸಾಗಿ.

ಮುಖ ನೋಡಿದೆ. ಎಪ್ಪತ್ತರ ಮೇಲಿರಲಿಕ್ಕಿಲ್ಲ. ಬಂದವನು ಮುತ್ತಜ್ಜನ ಅಪ್ಪನಂತೆ. ಹಡಗಿನ ಹೆಸರು, ಇಳಿದ ಬಂದರು, ಎಲ್ಲ ಬಾಯಿಗೆ ಬರುತ್ತಿತ್ತು. "ನೀವು ಐರ್ಲೆಂಡಿಗೆ ಹೋಗಿದ್ದೀರಾ?" ಎಂದೆ. "ಇನ್ನೂ ಇಲ್ಲ. ಹೋಗಬೇಕು," ಎಂದು ಸಲಿಕೆ ಊರಿ ನಿಂತ.

ಮೊದಲು ನಗು ಬಂತು. ಆಮೇಲೆ ನನ್ನ ಉಪನಯನ ನೆನಪಾಯಿತು. ಎಂಟನೆಯ ವರ್ಷದಲ್ಲಿ ಅಪ್ಪ ನನ್ನ ಎರಡು ಕೈಯಲ್ಲಿ ಎರಡು ಕಿವಿ ಹಿಡಿಸಿ ಪ್ರವರ ಹೇಳಿಕೊಟ್ಟಿದ್ದರು. ಮೂವರು ಋಷಿಗಳು, ಅವರಿಂದ ಇಳಿದ ಗೋತ್ರ, ಸೂತ್ರ, ಶಾಖೆ, ಎಲ್ಲಕ್ಕಿಂತ ಕೊನೆಗೆ ಬಡಪಾಯಿ ನಾನು. ಆ ಋಷಿಗಳನ್ನು ನಾನು ಕಂಡಿಲ್ಲ, ಅಪ್ಪನೂ ಕಂಡಿರಲಿಲ್ಲ, ಯಾರೂ ದಾಖಲೆ ಕೇಳಿದವರಿಲ್ಲ. ಎದುರುಮನೆಯಾತನ ಹತ್ತಿರ ಹಡಗಿನ ಪಟ್ಟಿಯ ಜೆರಾಕ್ಸಾದರೂ ಇತ್ತು. ಮುಗಿಯದ ಕಥೆ ಹೇಳುವವರನ್ನು "ಪ್ರವರ ಶುರುಮಾಡಿದ" ಎಂದು ನಾವು ಗೇಲಿ ಮಾಡುತ್ತೇವಲ್ಲ, ಆ ಅರ್ಥದಲ್ಲೂ ಈತನದು ಪ್ರವರವೇ. ಸಲಿಕೆ ಮತ್ತೆ ಎತ್ತಿದ್ದು ಮುಕ್ಕಾಲು ಗಂಟೆಯ ಮೇಲೆ.

ಆ ಶನಿವಾರ ಶಿಕಾಗೊ ನದಿಗೆ ಬಣ್ಣ ಹಾಕುವುದನ್ನು ನೋಡಲು ಹೋದೆವು. ಸೇಂಟ್ ಪ್ಯಾಟ್ರಿಕ್ ದಿನದ ಲೆಕ್ಕದಲ್ಲಿ ಇಡೀ ಹೊಳೆಗೆ ಹಸಿರು ಓಕುಳಿ. 1962ರಲ್ಲಿ ಇದನ್ನು ಶುರುಮಾಡಿದವರು ಕೊಳಾಯಿ ಕೆಲಸಗಾರರ ಸಂಘದವರು. ಚರಂಡಿ ನೀರು ಎಲ್ಲಿಂದ ಕದ್ದು ನದಿಗೆ ಸೇರುತ್ತಿದೆ ಎಂದು ಪತ್ತೆ ಮಾಡಲು ಬಣ್ಣದ ಪುಡಿ ಹಾಕುತ್ತಿದ್ದರಂತೆ. ಅದು ಹಸಿರಾಗಿ ಹೊಳೆದದ್ದು ಕಂಡು ಹಬ್ಬಕ್ಕೂ ಆಯಿತು ಎಂದುಕೊಂಡರು. ಮೊದಲ ವರ್ಷ 100 ಪೌಂಡ್ ಸುರಿದು ನದಿ ವಾರವಿಡೀ ಹಸಿರಾಗಿಯೇ ಉಳಿದಿತ್ತು. ಈಗ ತರಕಾರಿ ಮೂಲದ ಪುಡಿ, ಪ್ರಮಾಣವೂ ಕಡಿಮೆ. ತಮಾಷೆಯೆಂದರೆ ಆ ಪುಡಿಯ ಬಣ್ಣ ಕಿತ್ತಳೆ. ನೀರಿಗೆ ಬಿದ್ದ ಮೇಲೆ ಹಸಿರು. ಐರ್ಲೆಂಡಿನಲ್ಲಿ ಹಸಿರಿನವರೂ ಕಿತ್ತಳೆಯವರೂ ನೂರಾರು ವರ್ಷ ಕಾದಾಡಿ, ಕೊನೆಗೆ ಬಾವುಟದಲ್ಲಿ ನಡುವೆ ಬಿಳಿ ಪಟ್ಟಿಯಿಟ್ಟು ಕೂರಿಸಬೇಕಾಯಿತು. ಶಿಕಾಗೊದ ಕೊಳಾಯಿಯವರು ಅದನ್ನು ಒಂದೇ ಪುಡಿಯಲ್ಲಿ ಮುಗಿಸುತ್ತಾರೆ.

ನದಿ ದಂಡೆಯ ತುಂಬ ಹಸಿರು ಟೋಪಿ, ಹಸಿರು ಗಡ್ಡ, ಹಸಿರು ಬಿಯರು. ಕಪ್ಪು ಹುಡುಗರು, ಮೆಕ್ಸಿಕೋದವರು, ನನ್ನ ಮೊಮ್ಮಗಳು, ಎಲ್ಲರೂ ಒಂದು ದಿನದ ಮಟ್ಟಿಗೆ ಐರಿಷ್. ಇದರಲ್ಲಿ ತಪ್ಪೇನೂ ಕಾಣೆ. ಯಾಕೆಂದರೆ ಪ್ಯಾಟ್ರಿಕ್ ಮಹಾಶಯನೇ ಐರಿಷ್ ಅಲ್ಲ. ರೋಮನ್ನರ ಕಾಲದ ಬ್ರಿಟನ್ನಿನಲ್ಲಿ ಹುಟ್ಟಿದ ಹುಡುಗ. ಐರಿಷ್ ದರೋಡೆಗಾರರು ಹೊತ್ತೊಯ್ದು ಗುಲಾಮನಾಗಿ ಕುರಿ ಕಾಯಲು ಇಟ್ಟಿದ್ದರು.

ಎದುರುಮನೆಯವರು ರಾತ್ರಿ ಊಟಕ್ಕೆ ಕರೆದಿದ್ದರು. ಕಾರ್ನ್ಡ್ ಬೀಫ್ ಮತ್ತು ಕೋಸು, "ಅಪ್ಪಟ ಐರಿಷ್ ಅಡುಗೆ". ನನಗೆ ಕೋಸು ಮಾತ್ರ. ಆದರೆ ಐರ್ಲೆಂಡಿನಲ್ಲಿ ಕೋಸಿನ ಜೊತೆ ಬೇಯುತ್ತಿದ್ದದ್ದು ಹಂದಿ. ನ್ಯೂಯಾರ್ಕಿಗೆ ಬಂದಿಳಿದ ಐರಿಷರಿಗೆ ಅಗ್ಗಕ್ಕೆ ಸಿಕ್ಕಿದ್ದು ಪಕ್ಕದ ಬೀದಿಯ ಯಹೂದಿ ಕಟುಕರ ಉಪ್ಪುಹಾಕಿದ ದನದ ಮಾಂಸ. ಇದನ್ನು ಅಲ್ಲೇ ಹೇಳಲು ಹೊರಟೆ. ಮಗಳು ಮೇಜಿನ ಕೆಳಗಿಂದ ಕಾಲು ತುಳಿದಳು. ಮೆರವಣಿಗೆಯ ಕಥೆಯೂ ಹೀಗೆಯೇ. ಅಮೆರಿಕದಲ್ಲಿ ಇನ್ನೂರು ಮುನ್ನೂರು ವರ್ಷದಿಂದ ಡೋಲು ಬಡಿಯುತ್ತಿದ್ದ ಹಬ್ಬ ಐರ್ಲೆಂಡಿನಲ್ಲಿ ಬಹುಕಾಲ ಚರ್ಚಿಗೆ ಹೋಗಿ ಬರುವ ದಿನವಾಗಿತ್ತು. ಒಂದು ಕಾಲಕ್ಕೆ ಅವತ್ತು ಪಬ್ಬುಗಳಿಗೇ ಬೀಗ. ಡಬ್ಲಿನ್ನಿನ ಈಗಿನ ದೊಡ್ಡ ಉತ್ಸವ ಶುರುವಾದದ್ದು 1996ರಲ್ಲಿ, ಮೊಮ್ಮಕ್ಕಳ ಗದ್ದಲ ಕೇಳಿ ಅಜ್ಜಿಯೂ ಕುಣಿಯಲು ಎದ್ದ ಹಾಗೆ.

ಐರ್ಲೆಂಡಿನವರಿಗೆ ಅಮೆರಿಕದ ಈ ಐರಿಷರನ್ನು ಕಂಡರೆ ನಗು. "ಪ್ಲಾಸ್ಟಿಕ್ ಪ್ಯಾಡಿ" ಎಂದು ಅಡ್ಡಹೆಸರೂ ಇದೆ. ಲೆಕ್ಕ ನೋಡಿದರೆ ನಗುವವರೇ ಕಡಿಮೆ: 2020ರ ಅಮೆರಿಕದ ಜನಗಣತಿಯಲ್ಲಿ ಐರಿಷ್ ಮೂಲ ಎಂದು ಬರೆಸಿದವರು 3 ಕೋಟಿ 86 ಲಕ್ಷ; 2022ರ ಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದಲ್ಲೇ ಇದ್ದವರು 51 ಲಕ್ಷ ಚಿಲ್ಲರೆ. ಅಂದರೆ ಬೀಗರು ಏಳು ಪಾಲು, ಮನೆಯವರು ಒಂದು ಪಾಲು. ಅದೇ ಅಮೆರಿಕದ ಗಣತಿಯಲ್ಲಿ ಇಂಗ್ಲಿಷ್ ಮೂಲದವರು ಇನ್ನೂ ಹೆಚ್ಚು, 4 ಕೋಟಿ 66 ಲಕ್ಷ. ಆದರೆ "ನಾನು ಇಂಗ್ಲಿಷ್" ಎಂದು ಎದೆತಟ್ಟಿದ ಒಬ್ಬನೂ ನನಗೆ ಆ ಮೂರು ತಿಂಗಳಲ್ಲಿ ಸಿಗಲಿಲ್ಲ. ಗೆದ್ದವನ ಮೊಮ್ಮಗ ಅನ್ನುವುದಕ್ಕಿಂತ ಗೋಳಾಡಿದವನ ಮೊಮ್ಮಗ ಅನ್ನುವುದರಲ್ಲಿ ಒಂದು ಹಾಡಿದೆ.

ಗೋಳು ಸುಳ್ಳಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ತಗಲಿ ಶುರುವಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಕಡಿಮೆಯೆಂದರೂ ಅಷ್ಟೇ ಜನ ಹಡಗು ಹತ್ತಿದರು. ಇಳಿದ ಕಡೆ ಕಾದಿದ್ದದ್ದು "ಐರಿಷರು ಅರ್ಜಿ ಹಾಕಬೇಕಾಗಿಲ್ಲ" ಎಂಬ ಮಾತು. ಜರ್ಮನರ ಪಾಡು ಬಂದದ್ದು ಮೊದಲನೆಯ ಮಹಾಯುದ್ಧದಲ್ಲಿ. ಅವರ ಹುಳಿ ಕೋಸಿಗೂ "ಸ್ವಾತಂತ್ರ್ಯ ಕೋಸು" ಎಂದು ನಾಮಕರಣವಾಯಿತು. ಎಷ್ಟೋ ಶ್ಮಿಟ್ಟರು ಸ್ಮಿತ್ತರಾದರು. 1915ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಹೆಸರಿನ ನಡುವೆ ಅಡ್ಡಗೆರೆ ಇರುವ ಅಮೆರಿಕನ್ನರಿಗೆ ಈ ದೇಶದಲ್ಲಿ ಜಾಗವಿಲ್ಲ ಎಂದು ಗುಡುಗಿದ್ದರು. ಅಜ್ಜ ಉಚ್ಚಾರಣೆಯನ್ನು ಬಾಯಲ್ಲೇ ನುಂಗಿಕೊಂಡ, ಅಪ್ಪ ಮರೆತ, ಮೊಮ್ಮಗ ಅಂಗಡಿಯಲ್ಲಿ ಇಪ್ಪತ್ತು ಡಾಲರ್ ಕೊಟ್ಟು "ಐರಿಷ್" ಎಂದು ಬರೆದ ಬನಿಯನ್ನು ಕೊಂಡ. ಅಪಾಯ ಹೋದ ಮೇಲೆ ಅಭಿಮಾನ ಬರುವುದು ಒಳ್ಳೆಯ ಏರ್ಪಾಡು.

ನನಗೆ ಕುತೂಹಲ ಹುಟ್ಟಿಸಿದ್ದು ಆಯ್ಕೆಯ ವಿಚಾರ. ಮುತ್ತಜ್ಜನ ತಲೆಮಾರಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಪ್ರತಿಯೊಬ್ಬನಿಗೂ ಹದಿನಾರು ಜನ ಹಿರಿಯರು, ಇನ್ನೊಂದು ಮೆಟ್ಟಿಲಿಗೆ ಮೂವತ್ತೆರಡು. ಅಷ್ಟು ಜನರಲ್ಲಿ ಒಬ್ಬನ ಕೈ ಮಾತ್ರ ಹಿಡಿಯುತ್ತಾರೆ. ಬರಾಕ್ ಒಬಾಮಾಗೆ ತಾಯಿಯ ಕಡೆಯಿಂದ ಆ ಮೂವತ್ತೆರಡರಲ್ಲಿ ಒಬ್ಬ ಸಿಕ್ಕಿದ: 1850ರಲ್ಲಿ ಮನಿಗಾಲ್ ಎಂಬ ಹಳ್ಳಿಯಿಂದ ಹೊರಟ, ಚಮ್ಮಾರಿಕೆ ಮಾಡುತ್ತಿದ್ದ ಮನೆತನದ ಫಾಲ್ಮತ್ ಕಿಯರ್ನಿ. 2011ರ ಮೇ ತಿಂಗಳಲ್ಲಿ ಅಧ್ಯಕ್ಷರು ಆ ಹಳ್ಳಿಗೆ ಹೋಗಿ ಪಬ್ಬಿನಲ್ಲಿ ಗಿನ್ನೆಸ್ ಕುಡಿದು, ಡಬ್ಲಿನ್ನಿನಲ್ಲಿ ನಿಂತು, ತಾವು ಮನಿಗಾಲಿನ ಒಬಾಮಾ ಮನೆತನದವರು, ದಾರಿಯಲ್ಲೆಲ್ಲೋ ಬಿದ್ದುಹೋದ ಅಪಾಸ್ಟ್ರಫಿ ಹುಡುಕಲು ಬಂದಿದ್ದೇವೆ ಎಂದರು. ಓ'ಬ್ರಯನ್, ಓ'ಕಾನರ್ ಇದ್ದಹಾಗೆ ಓ'ಬಾಮಾ. ಐರಿಷ್ ಭಾಷೆಯಲ್ಲಿ ಆ "ಓ" ಎಂದರೆ ಮೊಮ್ಮಗ, ವಂಶದವನು. ಹಳ್ಳಿಯೂ ಸುಮ್ಮನಿರಲಿಲ್ಲ. ಮೂರು ವರ್ಷದಲ್ಲಿ ಹೆದ್ದಾರಿ ಬದಿಗೆ ಬರಾಕ್ ಒಬಾಮಾ ಪ್ಲಾಜಾ ಎದ್ದಿತು: ಪೆಟ್ರೋಲು, ಬರ್ಗರು, ಶೌಚಾಲಯ. ಮೂವತ್ತೆರಡನೆಯ ಒಂದು ಪಾಲಿಗೆ ಇಷ್ಟು ಮರ್ಯಾದೆ ನಮ್ಮ ಕಡೆ ಅಳಿಯನಿಗೂ ಇಲ್ಲ.

ಎದುರುಮನೆಯ ಯಜಮಾನಿತಿಯದು ಇಟಾಲಿಯನ್ ಪ್ರವರ. ಆಕೆ ನ್ಯೂಜೆರ್ಸಿಯಲ್ಲಿ ಬೆಳೆದವಳು. ಕಾಪಿಕೊಲ್ಲೊ ಎಂಬ ಮಾಂಸದ ತುಣುಕಿಗೆ "ಗಬಗೂಲ್" ಅನ್ನುತ್ತಾಳೆ. ಒಮ್ಮೆ ರೋಮಿಗೆ ಹೋಗಿ ಗಬಗೂಲ್ ಕೇಳಿದಾಗ ಅಂಗಡಿಯವನು ಪಿಳಿಪಿಳಿ ನೋಡಿದನಂತೆ. ಆಕೆಯ ಮಾತು ಕೆಟ್ಟದ್ದಲ್ಲ, ಹಳೆಯದು. ದಕ್ಷಿಣ ಇಟಲಿಯ ಬಡ ಹಳ್ಳಿಗರು ನೂರು ವರ್ಷದ ಕೆಳಗೆ ಕಡೆಯ ಸ್ವರ ನುಂಗಿ ಆಡುತ್ತಿದ್ದ ನುಡಿ ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ಉಳಿದಿದೆ. ಇಟಲಿ ಶಾಲೆಗೆ ಹೋಗಿ ಬೇರೆ ಮಾತು ಕಲಿತುಬಿಟ್ಟಿತು. ಹೆಬ್ಬಾರ್ ಅಯ್ಯಂಗಾರರ ಮನೆಯ ತಮಿಳು ಕೇಳಿ ಚೆನ್ನೈಯವರು ತಬ್ಬಿಬ್ಬಾಗುವುದಿಲ್ಲವೆ, ಹಾಗೆ. ಇವರು ತಮ್ಮದೆನ್ನುವ ದೇಶ ಆ ದೇಶದಲ್ಲಿಲ್ಲ, ಇವರ ಅಡುಗೆಮನೆಯಲ್ಲಿದೆ. ಆಕೆಗೆ ಇಟಲಿಯ ಪಾಸ್‌ಪೋರ್ಟಿನ ಆಸೆಯೂ ಇತ್ತು. 1861ರ ಮಾರ್ಚ್ 17ರಂದು ಇಟಲಿ ರಾಜ್ಯವಾದಾಗ ಬದುಕಿದ್ದ ಪೂರ್ವಜನೊಬ್ಬನನ್ನು ಹಿಡಿದು, ನಡುವೆ ಕೊಂಡಿ ಕಳಚದ್ದನ್ನು ತೋರಿಸಿದರೆ ಎಷ್ಟು ತಲೆಮಾರಾದರೂ ಪೌರತ್ವ ಸಿಗುತ್ತಿತ್ತು. ಆಕೆ ಕಾಗದ ಕೂಡಿಸುವಷ್ಟರಲ್ಲಿ, 2025ರ ಮಾರ್ಚಿನಲ್ಲಿ, ಅಜ್ಜ ಅಜ್ಜಿಯ ಆಚೆಗೆ ಲೆಕ್ಕವಿಲ್ಲ ಎಂದು ಸರ್ಕಾರ ಬಾಗಿಲು ಎಳೆದುಕೊಂಡಿತು. ಸಾಲದ್ದಕ್ಕೆ ಡಿಎನ್‌ಎ ಪರೀಕ್ಷೆಯ ಕಂಪನಿಯವರು ಲೆಕ್ಕ ಪರಿಷ್ಕರಿಸಿ ಆಕೆಯ ಇಟಲಿಯಲ್ಲಿ ಒಂಬತ್ತು ಪರ್ಸೆಂಟ್ ಕಿತ್ತು ಗ್ರೀಸಿಗೆ ಕೊಟ್ಟಿದ್ದರು. "ರಾತ್ರಿ ಮಲಗಿದಾಗ ಇದ್ದ ಅಜ್ಜಿ ಬೆಳಿಗ್ಗೆ ಇಲ್ಲ," ಎಂದು ದುಃಖಪಟ್ಟಳು.

ಅಜ್ಜಿ ತಪ್ಪುವುದು ಹೊಸದೇನಲ್ಲ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕಚೇರಿ 1892ರ ಜನವರಿ 1ರಂದು ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು ಕಾರ್ಕ್ ಊರಿನ ಹದಿಹರೆಯದ ಹುಡುಗಿ ಆ್ಯನಿ ಮೂರ್. ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟು ಸ್ವಾಗತಿಸಿದರು. ಆಕೆ ಟೆಕ್ಸಸ್ಸಿಗೆ ಹೋಗಿ ಬಾಳಿ, ಟ್ರಾಮಿಗೆ ಸಿಕ್ಕಿ ಸತ್ತಳು ಎಂದು ಎಲ್ಲರೂ ಬಹುಕಾಲ ನಂಬಿದ್ದರು. ಆ ವಂಶದವರಿಗೆ ಸಮಾರಂಭಗಳಲ್ಲಿ ಮುಂದಿನ ಕುರ್ಚಿ. 2006ರಲ್ಲಿ ಗೊತ್ತಾಯಿತು, ಟೆಕ್ಸಸ್ಸಿನ ಆ್ಯನಿ ವಲಸೆ ಬಂದವಳೇ ಅಲ್ಲ, ಹುಟ್ಟಿದ್ದು ಇದೇ ಇಲಿನಾಯ್ ರಾಜ್ಯದಲ್ಲಿ. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಕದಲಿರಲಿಲ್ಲ. ಬಡವರ ಬೀದಿಯಲ್ಲಿ ಜರ್ಮನ್ ಮೂಲದವನನ್ನು ಮದುವೆಯಾಗಿ, ಸಾಲುಸಾಲು ಮಕ್ಕಳನ್ನು ಹೆತ್ತು ಅರ್ಧದಷ್ಟನ್ನು ಮಣ್ಣಿಗೆ ಕೊಟ್ಟು, 1924ರಲ್ಲಿ ತೀರಿಕೊಂಡಿದ್ದಳು. ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ, 2008ರಲ್ಲಿ ಇಟ್ಟರು.

ಈ ವಂಶ ಹುಡುಕುವ ಹುಚ್ಚು ನೋಡಲು ಊರಿನ ಗ್ರಂಥಾಲಯಕ್ಕೂ ಹೋದೆ. ಅದಕ್ಕೆಂದೇ ಒಂದು ಕೋಣೆ. ಪಕ್ಕದ ಕಂಪ್ಯೂಟರಿನಲ್ಲಿ ನನ್ನ ವಯಸ್ಸಿನ ಕಪ್ಪು ಹೆಂಗಸೊಬ್ಬಳು ಕೂತಿದ್ದಳು. ಮಾತಿಗೆ ಎಳೆದೆ. "ನಾನು 1870ರ ತನಕ ಬಂದಿದ್ದೇನೆ," ಅಂದಳು. ಆಚೆಗೆ? ಪರದೆ ತಿರುಗಿಸಿ ತೋರಿಸಿದಳು. 1860ರ ಗುಲಾಮರ ಪಟ್ಟಿ. ಯಜಮಾನನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿಲ್ಲ. "ಈ ಹನ್ನೊಂದು ವರ್ಷದ ಹುಡುಗಿ ಇರಬಹುದು," ಎಂದು ಒಂದು ಗೆರೆಯ ಮೇಲೆ ಬೆರಳಿಟ್ಟಳು. "ಅಥವಾ ಇವಳು." ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಸ್ವಲ್ಪ ಹೊತ್ತು ಕೂತಿದ್ದು ಎದ್ದುಬಂದೆ.

ಏಪ್ರಿಲ್ಲಿನಲ್ಲಿ ಮೊಮ್ಮಗಳ ಸ್ಕೂಲಿನಿಂದಲೇ ಹೋಮ್‌ವರ್ಕ್ ಬಂತು: ನಿಮ್ಮ ಮೂಲ ಯಾವುದು, ಚಿತ್ರ ಬರೆದು ಪಾಲು ತೋರಿಸಿ. ಹೆಡ್‌ಫೋನು ಕಳಚಿ ನನ್ನ ಹತ್ತಿರ ಬಂದಳು. "ತಾತಾ, ನಮ್ಮ ಲಾಸ್ಟ್ ನೇಮ್ ಅರ್ಥ ಏನು?"

ಅವಳಿಗೆ ಅಮ್ಮನ ಕಡೆಯಿಂದ ಬಂದ ಲಾಸ್ಟ್ ನೇಮು ಹಳೇಕೋಟೆ. ಅದನ್ನು ಅವಳ ಟೀಚರು ಹೇಗೆ ಉಚ್ಚರಿಸುತ್ತಾರೆಂದು ಇಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಅದು ನನ್ನ ಹೆಸರಿನ ಹಿಂದಿದ್ದ ಇನಿಷಿಯಲ್ಲು. ಪಾಸ್‌ಪೋರ್ಟಿನವರು ಇನಿಷಿಯಲ್ಲು ಬಿಡಿಸಿ ಬರೆಯಿರಿ ಎಂದರು, ಬಿಡಿಸಿದೆವು, ಹಾಸನ ಸೀಮೆಯ ಹಳ್ಳಿಯೊಂದು ಅಮೆರಿಕದಲ್ಲಿ ಮನೆತನವಾಯಿತು. ಅಲ್ಲಿ ನಮ್ಮದೇನಿದೆ? ನನ್ನ ತಾತ ಒಂದು ಹುಣಿಸೆಮರದ ವ್ಯಾಜ್ಯದಲ್ಲಿ ಅಣ್ಣನ ಮೇಲೆ ಮುನಿದು, ಈ ಊರಿನ ನೀರು ಮುಟ್ಟುವುದಿಲ್ಲವೆಂದು ಶಪಥ ಮಾಡಿ ಮೈಸೂರಿಗೆ ಬಂದವರು. ಮರ ಬಿಟ್ಟುಬಂದರು, ಊರಿನ ಹೆಸರು ಬಿಡಲಿಲ್ಲ. ನಾನು ಅಲ್ಲಿಗೆ ಹೋಗಿರುವುದು ಮೂರು ಸಲ, ಅದರಲ್ಲಿ ಒಂದು ಸಲ ಬಸ್ಸು ಕೆಟ್ಟು ನಿಂತದ್ದಕ್ಕೆ. ಎಪ್ಪತ್ತೆರಡು ವರ್ಷ ಮೈಸೂರಿನ ಒಂದೇ ಬೀದಿಯಲ್ಲಿ ಬಾಳಿದವನು, ಯಾರಾದರೂ "ತಮ್ಮೂರು?" ಎಂದು ಬಾಯಿ ತೆರೆಯುವಷ್ಟರಲ್ಲಿ "ಹಳೇಕೋಟೆ" ಅಂದಿರುತ್ತೇನೆ.

ಇದನ್ನೆಲ್ಲ ಕೇಳಿ ಅವಳು ಚಕ್ರ ಬರೆದು, ಅರ್ಧಕ್ಕೆ ಹಸಿರು ಬಳಿದು "50% ಹಳೇಕೋಟೆ" ಎಂದೂ, ಅಪ್ಪನ ಕಡೆಗೆ ನೀಲಿ ಬಳಿದು "50% ಕುಂದಾಪುರ" ಎಂದೂ ಇಂಗ್ಲಿಷಿನಲ್ಲಿ ಬರೆದಳು. ಅಲ್ಲಿಗೆ ಮುಗಿಯಬೇಕಿತ್ತು. ರಾತ್ರಿ ಊಟಕ್ಕೆ ಕೂತಾಗ ಅಳಿಯ ಚಿತ್ರ ನೋಡಿ, ತನ್ನ ಅಜ್ಜಿ ಕಾಸರಗೋಡಿನವಳು, ಅದನ್ನು ಬಿಟ್ಟರೆ ಹೇಗೆ ಎಂದ. ಹಾಗಾದರೆ ತನ್ನ ಅಮ್ಮನ ತವರು ಚಾಮರಾಜನಗರಕ್ಕೂ ಪಾಲು ಬೇಕೆಂದು ಮಗಳು ಎದ್ದಳು. ಮೊಮ್ಮಗಳು ರಬ್ಬರು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಚಾಮರಾಜನಗರವನ್ನು ಹೇಗೋ ಹಸಿರಿನಲ್ಲೇ ಹೊಂದಿಸಿದೆವು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟರೂ ಬಗೆಹರಿಯದ ಕಾಸರಗೋಡು ಮಾತ್ರ ನಾನು ವಿಮಾನ ಹತ್ತುವವರೆಗೂ ಹನ್ನೆರಡೂವರೆ ಪರ್ಸೆಂಟಿಗೂ ಇಪ್ಪತ್ತೈದಕ್ಕೂ ನಡುವೆ ಜಗ್ಗಾಡುತ್ತಿತ್ತು.